‘ಖುದ್ದು ಪರಿಶೀಲಿಸಿ ತೃಪ್ತರಾಗಿರುತ್ತಾರೆ’ ಎಂದು ಬರೆದವನ ಪತ್ರ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಮಹನೀಯರೊಬ್ಬರು ಜಮೀನು, ಸೈಟು ಕೊಂಡು ಮೋಸ ಹೋದವರಿಗೆ ಬುದ್ಧಿ ಹೇಳಿದ್ದಾರೆ. ಕೊಳ್ಳುವಾಗ ಕಣ್ಣು ಮುಚ್ಚಿಕೊಂಡಿದ್ದು ಆಮೇಲೆ ಕಣ್ಣೀರು ಹಾಕಿದರೆ ಕಾನೂನಾದರೂ ಏನು ಮಾಡೀತು, ನೋಡಿ ಕೊಳ್ಳುವುದು ಕೊಳ್ಳುವವನ ಹೊಣೆ ಎಂದು ಅವರ ವಾದ. ನಮ್ಮ ಕಡೆ ಹೋಟೆಲುಗಳಲ್ಲೂ ಇದೇ ಮಾತು. ಮೋಸ ಮಾಡಿದವನ ಬಗ್ಗೆ ಒಂದು ಮಾತಾಡಿದರೆ ಮೋಸ ಹೋದವನ ಬಗ್ಗೆ ಹತ್ತು ಆಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ ಎಂದು ತಿಳಿಸುವುದಕ್ಕೆ ಈ ಪತ್ರ. ಉದ್ದವಾಗಿದೆ, ಬಲ್ಲೆ. ಕತ್ತರಿ ಹಾಕುವುದಾದರೆ ಹಾಕಿ, ಆದರೆ ಟ್ಯಾಂಕರಿನವನ ನೋಟ್‌ಬುಕ್ಕಿನ ವಿಷಯ ಮಾತ್ರ ಉಳಿಸಿಕೊಳ್ಳಿ.

ನಾನು ಪತ್ರಬರಹಗಾರ, ಅಂದರೆ ಕ್ರಯಪತ್ರ ಬರೆಯುವವನು. ತಿಪಟೂರು ಸೀಮೆಯಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಇದೇ ಕಸುಬು. ಮೊದಲು ಛಾಪಾ ಕಾಗದದ ಮೇಲೆ ಮಸಿಪೆನ್ನಿನಲ್ಲಿ ಬರೆದೆ, ಆಮೇಲೆ ಟೈಪ್ ಯಂತ್ರ ಬಂತು, ಈಗ ಕಂಪ್ಯೂಟರು, ಅದರ ಮುಂದೆ ನನ್ನ ಸೊಸೆ. ಯಂತ್ರ ಬದಲಾದರೂ ವಾಕ್ಯ ಬದಲಾಗಲಿಲ್ಲ. ‘ಸದರಿ ಸ್ವತ್ತಿನ ಮೇಲೆ ಯಾವುದೇ ವಿಧವಾದ ಋಣಭಾರ, ಜಪ್ತಿ, ವ್ಯಾಜ್ಯ ಇರುವುದಿಲ್ಲ.’ ‘ಖರೀದಿದಾರರು ಸ್ವತ್ತನ್ನು ಸ್ಥಳದಲ್ಲಿ ಖುದ್ದು ಪರಿಶೀಲಿಸಿ ತೃಪ್ತರಾಗಿರುತ್ತಾರೆ.’ ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ. ಎಷ್ಟು ಸಾವಿರ ಸಲ ಬರೆದಿದ್ದೇನೋ, ಲೆಕ್ಕವಿಟ್ಟಿಲ್ಲ. ಪ್ರತಿ ಪತ್ರದ ಕೊನೆಗೆ ‘ಬಿಕ್ಕಲಂ’ (ಪತ್ರ ಬರೆದವರು) ಎಂದು ಬರೆದು ನನ್ನ ಹೆಸರು, ಲೈಸೆನ್ಸ್ ನಂಬರು ಹಾಕಿದ್ದೇನೆ. ಈ ಪತ್ರಕ್ಕೆ ಮಾತ್ರ ಹೆಸರು ಹಾಕುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

2017ರಲ್ಲಿ ನಮ್ಮ ಅಕ್ಕನ ಯಜಮಾನರು, ಅಂದರೆ ನಮ್ಮ ಭಾವ, ಒಂದು ತೆಂಗಿನ ತೋಟ ಕೊಂಡರು. ಮೂವತ್ತಮೂರು ವರ್ಷ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಅಪ್ಪನ ಕಾಲದ ಅರ್ಧ ಎಕರೆ ಹೊಲದ ಪಹಣಿ ಹೆಸರಿನಲ್ಲಿತ್ತು, ಆದ್ದರಿಂದ ಜಮೀನು ಕೊಳ್ಳಲು ಅಡ್ಡಿ ಇರಲಿಲ್ಲ. ಎರಡು ಎಕರೆ ಆರು ಗುಂಟೆ, ನೂರಕ್ಕೆ ಎರಡು ಮೂರು ಕಡಿಮೆ ತೆಂಗಿನ ಮರ, ಒಂದು ಕೊಳವೆ ಬಾವಿ, ಒಂದು ಸಿಮೆಂಟು ತೊಟ್ಟಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಬರದ ವರ್ಷ ಅದು. ನಮ್ಮ ತಾಲ್ಲೂಕಿನಲ್ಲಿ ಕಟ್ಟೆಕೆರೆಗಳೆಲ್ಲ ಬಿರುಕು ಬಿಟ್ಟಿದ್ದವು. ಅಂಥದ್ದರಲ್ಲಿ ನೀರಿರುವ ತೋಟ ಎಂದರೆ ಯಾರಿಗೆ ಆಸೆಯಿಲ್ಲ?

ತೋಟ ತೋರಿಸಿದ ದಿನ ನಾನೂ ಹೋಗಿದ್ದೆ. ಮಾರುವವರು ಬೆಳಿಗ್ಗೆ ಹತ್ತಕ್ಕೇ ಬರಬೇಕು ಎಂದಿದ್ದರು, ತ್ರೀಫೇಸ್ ಕರೆಂಟು ಆ ಹೊತ್ತಿಗೆ ಇರುತ್ತದೆ ಎಂದು. ಹೋದೆವು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರು. ಪೈಪು ಎರಡು ಸಲ ಕೆಮ್ಮಿತು, ಆಮೇಲೆ ನೋಡಿ, ತೊಟ್ಟಿಗೆ ತೋಳುಗಾತ್ರದ ನೀರು ಧುಮುಕಿತು. ಭಾವ ಪಂಚೆ ಎತ್ತಿ ಕಟ್ಟಿಕೊಂಡು, ನೀರಿಗೆ ಕೈಯೊಡ್ಡಿ, ಮುಖ ತೊಳೆದುಕೊಂಡರು. ತಣ್ಣಗಿತ್ತೋ ಏನೋ, ಮಕ್ಕಳ ಹಾಗೆ ನಕ್ಕರು. ಮಾರುವವರು ಹೇಳಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ: “ಮೂರಿಂಚು ನೀರು ಮೇಷ್ಟ್ರೇ. ಬ್ಯಾಸಗೇಲೂ ಅಷ್ಟೇ, ಮಳೆಗಾಲ್ದಲ್ಲೂ ಅಷ್ಟೇ. ಕರೆಂಟು ಇರೋಗಂಟ ಬಿಡದಂಗೆ ಹೊಡೀತೈತೆ.” ಹತ್ತು ಹದಿನೈದು ನಿಮಿಷ ಓಡಿಸಿ, “ತೊಟ್ಟಿ ತುಂಬಿ ಚೆಲ್ಲೋಗ್ತದೆ” ಎಂದು ಕೆಂಪು ಗುಂಡಿ ಒತ್ತಿದರು. ಚೆಲ್ಲಿ ಹೋಗುವ ನೀರಿಗೆ ಮರುಗುವವರನ್ನು ಕಂಡು ನನಗೂ ಗೌರವ ಬಂತು.

ಕೆಲವು ಮರಗಳ ಕೆಳಗಿನ ಗರಿ ಒಣಗಿ ಜೋತಿದ್ದವು. ನಾನು ಕೇಳಿದೆ. “ಕಪ್ಪುತಲೆ ಹುಳ ಬಿದ್ದಿತ್ತು, ಔಷಧಿ ಹೊಡೆಸೀನಿ” ಎಂದರು. ಕಪ್ಪುತಲೆ ಹುಳ ನಮ್ಮ ಕಡೆ ಇರುವುದು ನಿಜ, ಗರಿ ಒಣಗುವುದೂ ನಿಜ. ಸುಳ್ಳು ಹೇಳಬೇಕಾದಾಗ ಅದರ ಪಕ್ಕದಲ್ಲೊಂದು ನಿಜ ನಿಲ್ಲಿಸುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕ್ರಯಪತ್ರ ನಾನೇ ಬರೆದೆ. ಭಾವನ ಹತ್ತಿರ ಫೀಸು ತಗೊಳ್ಳಲಿಲ್ಲ. ಹಕ್ಕಿನ ಕಡೆಯಿಂದ ಎಲ್ಲವನ್ನೂ ಜಾಲಾಡಿದ್ದೆ: ಪಹಣಿ, ಮ್ಯುಟೇಷನ್, ವಂಶವೃಕ್ಷ, ಇ.ಸಿ. (ಋಣಭಾರ ಪ್ರಮಾಣಪತ್ರ), ಸಹಕಾರ ಸಂಘದ ಸಾಲ ತೀರಿದ ಕಾಗದ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ಒಂದಕ್ಷರ ತಪ್ಪಿಲ್ಲ. ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳ ಸಹಿತ’ ಎಂದು ಎಂಟೂ ಭೋಗಗಳನ್ನು ಹಳೆಯ ಕಾಲದವರ ಹಾಗೆ ಪೂರ್ತಿ ಬರೆದೆ. ಈಗಿನ ಹುಡುಗರು ಅದನ್ನೆಲ್ಲ ಬಿಟ್ಟುಬಿಡುತ್ತಾರೆಂದು ನನಗೆ ಬೇಜಾರು. ಎಂಟರಲ್ಲಿ ಮೂರನೆಯದು ಜಲ. ಜಲ ಎಂದು ಬರೆದೆ. ಎಷ್ಟು ಜಲ ಎಂದು ಬರೆಯಲಿಲ್ಲ. ಅದರ ಕೆಳಗೆ ಕೈ ತಾನಾಗಿಯೇ ಓಡಿ, ಖುದ್ದು ಪರಿಶೀಲಿಸಿ ತೃಪ್ತರಾಗಿರುತ್ತಾರೆ ಎಂದೂ ಬರೆದಿತ್ತು.

ಏಪ್ರಿಲ್ ಎರಡನೆಯ ವಾರ ಭಾವ ಮೊದಲ ಸಲ ಮೋಟರನ್ನು ಪೂರ್ತಿ ಹೊತ್ತು ಓಡಿಸಿದರು. ಇಪ್ಪತ್ತು ನಿಮಿಷಕ್ಕೆ ನೀರು ಬೆರಳುಗಾತ್ರವಾಯಿತು. ಇನ್ನೈದು ನಿಮಿಷಕ್ಕೆ ಪೈಪಿನಿಂದ ಬರೀ ಗಾಳಿ, ಮಧ್ಯೆ ಮಧ್ಯೆ ಕೆಸರು ಉಗುಳು. ನಿಲ್ಲಿಸಿ, ಮಾರನೆಯ ದಿನ ಹಾಕಿದರೆ ಮತ್ತೆ ಮೊದಲು ತೋಳುಗಾತ್ರ, ಆಮೇಲೆ ಗಾಳಿ. ಮೋಟರ್ ರಿವೈಂಡಿಂಗ್ ಅಂಗಡಿಯವನನ್ನು ಕರೆಸಿದಾಗ ಅವನು ಸ್ಟಾರ್ಟರ್ ಪೆಟ್ಟಿಗೆ ತೆಗೆಯುವ ಮೊದಲೇ ಹೇಳಿದ: “ಇದಾ? ಇದು ಎರಡು ವರ್ಷದಿಂದ ಹಿಂಗೇ. ನಾನೇ ಎರಡು ಸಲ ಸುಟ್ಟಿರೋ ಮೋಟ್ರು ಕಟ್ಟಿಕೊಟ್ಟೀನಿ.” ಎರಡು ದಿನ ಸುಮ್ಮನೆ ಬಿಟ್ಟರೆ ಬೋರಿನೊಳಗೆ ಊರಿ ನಿಲ್ಲುವ ನೀರು, ಹತ್ತು ನಿಮಿಷಕ್ಕೆ ಮೂರಿಂಚು ತೋರಿಸಲು ಸಾಕು. ನಾವು ಹೋಗುವ ಮೊದಲು ಅವರು ಎಷ್ಟು ದಿನ ಬಿಟ್ಟಿದ್ದರೋ.

ಇನ್ನು ನೋಟ್‌ಬುಕ್ಕು. ಪಕ್ಕದ ಊರಿನಲ್ಲಿ ಟ್ಯಾಂಕರಿನಲ್ಲಿ ನೀರು ಹೊಡೆಯುವವನೊಬ್ಬನಿದ್ದಾನೆ. ಬೇಸಿಗೆಯಲ್ಲಿ ತೆಂಗಿನ ಬುಡಕ್ಕೆ ಟ್ಯಾಂಕರು ಹೊಡೆಸಿ ಮರ ಉಳಿಸಿಕೊಳ್ಳುವುದು ನಮ್ಮ ಕಡೆ ಆಗ ಸಾಮಾನ್ಯವಾಗಿತ್ತು. ಬಾಕಿ ವಸೂಲಿಗೆಂದು ಅವನು ಒಂದು ಇನ್ನೂರು ಪುಟದ ನೋಟ್‌ಬುಕ್ಕು ಇಟ್ಟುಕೊಂಡಿದ್ದ. ರಟ್ಟಿನ ಮೇಲೆ ಎಣ್ಣೆ ಕೈಯ ಗುರುತು, ಒಳಗೆ ತಾರೀಖು, ಹೆಸರು, ಲೋಡು. ಅದರಲ್ಲಿ ಮಾರಿದವರ ಹೆಸರು 2015ರ ಬೇಸಿಗೆಯಲ್ಲಿ ಹನ್ನೊಂದು ಸಲ, 2016ರ ಬೇಸಿಗೆಯಲ್ಲಿ ಹತ್ತೊಂಬತ್ತು ಸಲ. ಬೇಸಿಗೆಯಲ್ಲೂ ಮೂರಿಂಚು ನೀರು ಹೊಡೆಯುವ ತೋಟಕ್ಕೆ ಮೂವತ್ತು ಟ್ಯಾಂಕರು! ಭಾವ ಆ ಪುಟಗಳ ಮೇಲೆ ಬೆರಳಾಡಿಸುತ್ತ ಕೂತರು. ಮೇಷ್ಟ್ರಲ್ಲವೇ, ಒಂದು ಕಡೆ ಕೂಡಿಸಿದ್ದು ತಪ್ಪಾಗಿತ್ತು, ಅದನ್ನೂ ತೋರಿಸಿದರು.

ಆ ನೋಟ್‌ಬುಕ್ಕು ಹಿಡಿದುಕೊಂಡು ನಮ್ಮೂರಿನ ಹಿರಿಯ ವಕೀಲರೊಬ್ಬರ ಹತ್ತಿರ ಹೋದೆವು. ನಾನು ಅಷ್ಟು ವರ್ಷ ಪತ್ರ ಬರೆದಿದ್ದರೂ ಕರಾರು ಕಾಯ್ದೆಯನ್ನು ಬಿಡಿಸಿ ಓದಿದವನಲ್ಲ. ಅವತ್ತು ಓದಿಸಿದರು. 1872ರ ಕಾಯ್ದೆ, ಇವತ್ತಿಗೂ ಅದೇ ನಡೆಯುತ್ತದೆ. 17ನೆಯ ಕಲಮು ವಂಚನೆ, 18ನೆಯದು ತಪ್ಪು ನಿರೂಪಣೆ. ಎರಡರಲ್ಲೂ ಬಾಯಿಂದ ಬಂದದ್ದು ಸುಳ್ಳೇ. ವ್ಯತ್ಯಾಸ ಹೇಳಿದವನ ಮನಸ್ಸಿನಲ್ಲಿದೆ. ನಿಜವಲ್ಲವೆಂದು ತಾನೇ ಬಲ್ಲದ್ದನ್ನು ನಿಜವೆಂದು ಹೇಳಿ ಒಪ್ಪಿಸಿದರೆ ವಂಚನೆ. ಇರುವುದನ್ನು ಬೇಕೆಂದೇ ಮುಚ್ಚಿಟ್ಟರೂ ವಂಚನೆ. ತಾನು ನಿಜವೆಂದೇ ನಂಬಿದ್ದರೂ, ಆಧಾರವಿಲ್ಲದೆ ಅದನ್ನು ಗಟ್ಟಿಯಾಗಿ ಹೇಳಿ ಒಪ್ಪಿಸಿದರೆ ತಪ್ಪು ನಿರೂಪಣೆ. ದಲ್ಲಾಳಿಗಳು ‘ಪಕ್ಕಾ ಸಾರ್, ಪಕ್ಕಾ’ ಎನ್ನುತ್ತಾರಲ್ಲ, ಬಹುಪಾಲು ಈ ಎರಡನೆಯ ಜಾತಿ. ಎರಡರಲ್ಲಿ ಯಾವುದೇ ಆದರೂ 19ನೆಯ ಕಲಮಿನ ಪ್ರಕಾರ ಮೋಸ ಹೋದವನು ಕರಾರು ರದ್ದು ಮಾಡಿಸಬಹುದು. ಬೇಡವೆಂದರೆ ಕರಾರನ್ನು ಉಳಿಸಿಕೊಂಡು, ಹೇಳಿದ್ದು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತನ್ನನ್ನು ತರಬೇಕೆಂದು ಪಟ್ಟು ಹಿಡಿಯಬಹುದು.

ಹಾಗಾದರೆ ಸುಮ್ಮನಿದ್ದವನ ಕತೆ? ಕಾಯ್ದೆಯಲ್ಲೇ ಒಂದು ಕುದುರೆಯ ದೃಷ್ಟಾಂತವಿದೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ, ಅದಕ್ಕೆ ಊನವಿದೆಯೆಂದು ಅವನಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾದರೆ, ಹೇಳುವುದು ಅವನ ಕರ್ತವ್ಯ. ಇನ್ನೂ ಒಂದಿದೆ: ಕೊಳ್ಳುವವನು “ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂತ ತಿಳ್ಕೋತೀನಿ” ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೂ ಮಾತೇ. ಇದನ್ನು ಕೇಳಿದಾಗ ನನಗೆ ದನದ ಜಾತ್ರೆ ನೆನಪಾಯಿತು. ಸಿದ್ಧಗಂಗೆಯಲ್ಲಾಗಲಿ ಘಾಟಿಯಲ್ಲಾಗಲಿ, ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ, ಬಾಯಲ್ಲಿ ಒಂದಂಕಿ ಬರುವುದಿಲ್ಲ. ಮಾರುವವನು “ಹಲ್ಲು ನೋಡ್ಕೋ, ಸುಳಿ ನೋಡ್ಕೋ, ನಡೆಸಿ ನೋಡ್ಕೋ” ಎಂದು ಹಗ್ಗ ಕೈಗೆ ಕೊಟ್ಟುಬಿಡುತ್ತಾನೆ. ಅದು ನ್ಯಾಯದ ವ್ಯಾಪಾರ. ಅವನೇನೂ ಹೇಳಲಿಲ್ಲ, ನೀನು ನೋಡಿಕೊಂಡೆ. ಆದರೆ ಅದೇ ಮನುಷ್ಯ ಆರು ಹಲ್ಲಿನ ಎತ್ತನ್ನು ನಾಲ್ಕು ಹಲ್ಲು ಎಂದು ಬಾಯಿ ಬಿಟ್ಟು ಹೇಳಿದರೆ ವ್ಯಾಪಾರದ ಬಣ್ಣವೇ ಬೇರೆ.

ಜಮೀನಿಗೆ ಬಂದರೆ ಸುಮ್ಮನಿರುವವನನ್ನೂ ಕಾನೂನು ಅಷ್ಟು ಸಲೀಸಾಗಿ ಬಿಡುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ 1882ರದ್ದು, ಅದರ 55ನೆಯ ಕಲಮು. ಸ್ವತ್ತಿನಲ್ಲೋ ಹಕ್ಕಿನಲ್ಲೋ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಕಾಣುವಂಥದ್ದಲ್ಲದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ ಮಾರುವವನು ಅದನ್ನು ಹೇಳಲೇಬೇಕು. ಹೇಳದೆ ಬಿಟ್ಟರೆ ವಂಚನೆ ಎಂದೇ ಆ ಕಲಮು ಕರೆಯುತ್ತದೆ.

ಈಗ ನಿಮ್ಮ ಓದುಗ ಮಹನೀಯರ ‘ನೋಡಿ ಕೊಳ್ಳಬೇಕಿತ್ತು’ ಎಂಬ ವಾದಕ್ಕೆ ಬರುತ್ತೇನೆ. ಅವರ ಪರವಾಗಿಯೂ ಒಂದು ಮಾತು ಕಾಯ್ದೆಯಲ್ಲಿದೆ, ಮುಚ್ಚಿಡುವುದಿಲ್ಲ. 19ನೆಯ ಕಲಮಿಗೆ ಒಂದು ಅಪವಾದವಿದೆ: ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವ ದಾರಿ ನಿನಗಿತ್ತು ಎಂದಾದರೆ ಕರಾರು ರದ್ದಾಗುವುದಿಲ್ಲ. ಆದರೆ ಆ ವಾಕ್ಯವನ್ನು ಪೂರ್ತಿ ಓದಬೇಕು. ಅದು ಹೇಳುವುದು ತಪ್ಪು ನಿರೂಪಣೆಗೆ ಮತ್ತು ವಂಚನೆಯೆನಿಸುವ ಮೌನಕ್ಕೆ. ಗೊತ್ತಿದ್ದೂ ಬಾಯಿ ಬಿಟ್ಟು ಹೇಳಿದ ಸುಳ್ಳಿಗೆ ಅಲ್ಲ. ಅಂದರೆ ಸುಳ್ಳನೊಬ್ಬ “ನನ್ನ ಮಾತು ನಂಬಿದ್ದು ನಿನ್ನ ದಡ್ಡತನ” ಎಂದು ಕೋರ್ಟಿನಲ್ಲಿ ನಿಂತು ತಪ್ಪಿಸಿಕೊಳ್ಳುವಂತಿಲ್ಲ. ವಕೀಲರು ಇದನ್ನು ಎರಡು ಸಲ ಓದಿಸಿದರು. ಎರಡನೆಯ ಸಲ ಭಾವನ ಮುಖದಲ್ಲಿ ಸ್ವಲ್ಪ ರಕ್ತ ಬಂತು. ಅಲ್ಲಿಯವರೆಗೆ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಆ ‘ಸಾಮಾನ್ಯ ಎಚ್ಚರ’ ಯಾರದ್ದು ಎಂದೂ ಕೇಳಬೇಕು. ಹುಟ್ಟಾ ತೋಟದವನಾದರೆ ಗರಿ ಜೋತಿರುವ ರೀತಿ, ಹರಳು (ಎಳೆಗಾಯಿ) ಉದುರಿರುವುದು, ತೊಟ್ಟಿಯ ಗೋಡೆಯಲ್ಲಿ ಪಾಚಿ ಎಲ್ಲಿಯವರೆಗೆ ಹತ್ತಿದೆ ಎಂಬುದು, ಇಷ್ಟರಲ್ಲೇ ಹೇಳಿಬಿಡುತ್ತಿದ್ದ. ಆ ತೊಟ್ಟಿಯಲ್ಲಿ ಪಾಚಿ ಮೊಣಕಾಲಿಗಿಂತ ಮೇಲಿರಲಿಲ್ಲ. ನಾನು ಅದನ್ನು ಕಂಡದ್ದು ಆಮೇಲೆ. ಮೂವತ್ತಮೂರು ವರ್ಷ ಕಪ್ಪುಹಲಗೆ ಓದಿದವರಿಗೆ ಪಾಚಿ ಓದಲು ಬರುತ್ತದೆಯೇ?

ನಮ್ಮ ವಕೀಲರು ಇಂಗ್ಲೆಂಡಿನ ಒಂದು ಹಳೆಯ ದಾವೆಯ ಕತೆಯನ್ನೂ ಹೇಳಿದರು, 1881ರದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ರೆಡ್‌ಗ್ರೇವ್ ಎಂಬ ವಯಸ್ಸಾದ ವಕೀಲ, ತನ್ನ ವಕೀಲಿಯಲ್ಲಿ ಪಾಲುದಾರನಾಗಿ ಬಂದು ಮನೆಯನ್ನೂ ಕೊಳ್ಳುವವರು ಬೇಕೆಂದು ಜಾಹೀರಾತು ಕೊಟ್ಟ. ಹರ್ಡ್ ಎಂಬುವನು ಬಂದ. ವರ್ಷಕ್ಕೆ ಮುನ್ನೂರರಿಂದ ನಾನೂರು ಪೌಂಡು ಸಂಪಾದನೆ ಎಂದ ಮುದುಕ, ಕೆಲವು ಲೆಕ್ಕ ತೋರಿಸಿದ. ಅದು ಇನ್ನೂರರಷ್ಟೇ ಆಗುತ್ತಿತ್ತು. ಉಳಿದದ್ದು ಇದರಲ್ಲಿದೆ ಎಂದು ಒಂದು ಕಾಗದದ ಕಟ್ಟು ತೋರಿಸಿದ. ಹರ್ಡ್ ಕಟ್ಟು ಬಿಚ್ಚಲಿಲ್ಲ. ಬಿಚ್ಚಿದ್ದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದು ಅಲ್ಲೇ ತಿಳಿಯುತ್ತಿತ್ತು. 1,600 ಪೌಂಡಿಗೆ ಮನೆಯ ಕರಾರಾಯಿತು, ಆ ಕರಾರಿನಲ್ಲಿ ವಕೀಲಿಯ ಸಂಪಾದನೆಯ ಮಾತೇ ಇರಲಿಲ್ಲ. ಮೊದಲ ನ್ಯಾಯಾಧೀಶರು ‘ಕಟ್ಟು ಬಿಚ್ಚದೆ ಬಿಟ್ಟವನು ನೀನೇ’ ಎಂಬ ಧಾಟಿಯಲ್ಲಿ ಹರ್ಡ್‌ನ ವಿರುದ್ಧ ಹೇಳಿದರು. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು: ನಂಬಿಸಲೆಂದು ಹೇಳಿದ ಮಾತನ್ನು ನಂಬಿದವನಿಗೆ, ಪರೀಕ್ಷಿಸಬಹುದಿತ್ತಲ್ಲ ಎಂಬ ಉತ್ತರ ಸಾಲದು. ಕರಾರು ರದ್ದಾಯಿತು. ನಮ್ಮಲ್ಲಿ ಆ ಅಪವಾದ ಕಾಯ್ದೆಯಲ್ಲೇ ಇರುವುದರಿಂದ ಈ ತೀರ್ಪು ಇಲ್ಲಿಗೆ ಇದ್ದ ಹಾಗೇ ಒಗ್ಗುವುದಿಲ್ಲ ಎಂದೂ ವಕೀಲರು ಹೇಳಿದರು. ನನಗೆ ಹಿಡಿಸಿದ್ದು ಕಾಗದದ ಕಟ್ಟು. ನಮ್ಮದು ಹದಿನೈದು ನಿಮಿಷದ ನೀರು, ಅವರದ್ದು ಬಿಚ್ಚದ ಕಟ್ಟು.

ಇಷ್ಟೆಲ್ಲ ಕಾನೂನು ನಮ್ಮ ಕಡೆಗಿದ್ದೂ ಭಾವ ಗೆದ್ದರೇ? ಇಲ್ಲ. ದಾವೆಯನ್ನೇ ಹೂಡಲಿಲ್ಲ. ಅದಕ್ಕೆ ಕಾರಣ ನಾನು.

ಮೊದಲು ನೋಟೀಸು ಕೊಡಿಸಿದೆವು. ಹದಿನೈದು ದಿನಕ್ಕೆ ಉತ್ತರ ಬಂತು. ಅದರ ಮೂರನೆಯ ಪ್ಯಾರಾದಲ್ಲಿ ಉದ್ಧರಣ ಚಿಹ್ನೆಯೊಳಗೆ ನನ್ನದೇ ವಾಕ್ಯ, ದಪ್ಪ ಅಕ್ಷರದಲ್ಲಿ: ‘ಖರೀದಿದಾರರು ಸ್ವತ್ತನ್ನು ಸ್ಥಳದಲ್ಲಿ ಖುದ್ದು ಪರಿಶೀಲಿಸಿ ತೃಪ್ತರಾಗಿರುತ್ತಾರೆ.’ ಮೂರಿಂಚು ನೀರಿನ ಮಾತು ಪತ್ರದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿದ್ದರು. ನಮ್ಮ ವಕೀಲರು, ಹೆದರಬೇಡಿ ಎಂದರು. ಬರೆದ ಪತ್ರಕ್ಕೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂಬುದು ಸಾಕ್ಷ್ಯ ಕಾಯ್ದೆಯ 92ನೆಯ ಕಲಮು, ಆದರೆ ವಂಚನೆಯನ್ನು ರುಜುವಾತು ಮಾಡಲು ಅದು ಅಡ್ಡಬರುವುದಿಲ್ಲ. ಈಗ 2024ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದು ಹಾಗೇ ಉಳಿದಿದೆ. ಆದರೆ ವಂಚನೆ ಎಂದು ಸುಮ್ಮನೆ ಒಂದು ಪದ ಬರೆದರೆ ಸಾಲದು. ಯಾವತ್ತು, ಎಲ್ಲಿ, ಏನು ಎಂದು ವಿವರ ಹಾಕಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ನಮ್ಮ ಹತ್ತಿರ ಇದ್ದದ್ದು ನಾನು, ಭಾವ, ಮೋಟರಿನವನು, ಟ್ಯಾಂಕರಿನ ನೋಟ್‌ಬುಕ್ಕು. ಸಾಕಷ್ಟಿತ್ತು.

ಆಮೇಲೆ ವಕೀಲರು ಪತ್ರದ ಎರಡನೆಯ ಪುಟ ತಿರುಗಿಸಿ ಕೇಳಿದರು: “ಮೇಷ್ಟ್ರೇ, ರದ್ದಾದರೆ ನೀವು ಜಮೀನು ವಾಪಸು ಕೊಡಬೇಕು, ಅವರು ದುಡ್ಡು ವಾಪಸು ಕೊಡಬೇಕು. ಎಷ್ಟು ಕೊಟ್ಟಿರಿ?”

ಕೊಟ್ಟದ್ದು ಇಪ್ಪತ್ತೇಳು ಲಕ್ಷ. ಪತ್ರದಲ್ಲಿ ನಾನು ಬರೆದದ್ದು ಹನ್ನೊಂದೂವರೆ ಲಕ್ಷ.

ಈ ಪತ್ರಕ್ಕೆ ಹೆಸರು ಹಾಕದ್ದು ಇದಕ್ಕೇ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆಗಿಂತ ಒಂದಿಷ್ಟು ಮೇಲೆ ತೋರಿಸಿದರೆ ಆಯಿತು, ಉಳಿದದ್ದು ಕೈಗೆ ಕೈ ಎಂಬುದು ನಮ್ಮ ಕಚೇರಿ ಎದುರಿನ ಮರದ ಕೆಳಗೆ ಬೆಳಗಾದರೆ ನಡೆಯುವ ಮಾತು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿ ಭಾವನಿಗೆ ಲಕ್ಷದಷ್ಟು ಉಳಿಯಿತು ಎಂದು ನಾನೇ ಬೆನ್ನು ತಟ್ಟಿಕೊಂಡಿದ್ದೆ. ನೀರಿನ ಬಗ್ಗೆ ಅವರು ಹೇಳಿದ್ದು ಸುಳ್ಳು. ದುಡ್ಡಿನ ಬಗ್ಗೆ ನಾವು ಮೂವರೂ ಸೇರಿ ಸರ್ಕಾರಕ್ಕೆ ಬರೆದುಕೊಟ್ಟದ್ದೂ ಸುಳ್ಳು. ಕೋರ್ಟಿಗೆ ಹೋದರೆ ಭಾವ ಕಟಕಟೆಯಲ್ಲಿ ನಿಂತು “ಅವರ ಮಾತು ಸುಳ್ಳು, ನನ್ನ ರುಜು ಇರುವ ಈ ಅಂಕಿಯೂ ಸುಳ್ಳು, ಉಳಿದದ್ದೆಲ್ಲ ನಿಜ” ಎನ್ನಬೇಕಿತ್ತು. ಮಕ್ಕಳಿಗೆ ಸತ್ಯಹರಿಶ್ಚಂದ್ರನ ಪಾಠ ಮಾಡಿದ ಮನುಷ್ಯ. “ಬೇಡ ಬಿಡಪ್ಪ” ಎಂದು ಎದ್ದುಬಿಟ್ಟರು.

ಕೊನೆಗೆ ಊರಿನ ನಾಲ್ಕು ಜನ ಕೂತು ಮಾತಾಡಿದರು. ನೋಟ್‌ಬುಕ್ಕು ಜಮಖಾನದ ಮೇಲೆ ಬಿಚ್ಚಿಟ್ಟಾಗ ಮಾರಿದವರು “ಆ ವರ್ಷ ಮೋಟ್ರು ರಿಪೇರಿಗೆ ಹೋಗಿತ್ತು” ಎಂದರು. ಎರಡೂ ವರ್ಷವೇ ಎಂದು ಒಬ್ಬರು ಕೇಳಿದ್ದಕ್ಕೆ ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತ ಕೂತರು. ಎರಡೂವರೆ ಲಕ್ಷ ವಾಪಸು ಕೊಟ್ಟರು. ಅದರಲ್ಲಿ ಭಾವ ಹೊಸ ಬೋರು ಕೊರೆಸಿದರು. ಒಂಬೈನೂರು ಅಡಿಗೆ ಹೋದರೂ ಬಂದದ್ದು ಬಿಳಿ ಧೂಳು. ಆಮೇಲೆ ಒಂದು ಕೃಷಿ ಹೊಂಡ ಮಾಡಿಸಿ, ಹನಿ ನೀರಾವರಿ ಹಾಕಿ, ಅರ್ಧ ಮರಗಳನ್ನಾದರೂ ಉಳಿಸಿಕೊಂಡಿದ್ದಾರೆ. ಭಾವ ಇವತ್ತಿನವರೆಗೆ ಆ ವಾಕ್ಯದ ವಿಷಯ ನನ್ನ ಹತ್ತಿರ ಎತ್ತಿಲ್ಲ. ಅಕ್ಕ ಎತ್ತುತ್ತಾಳೆ, ಪ್ರತಿ ಗೌರಿ ಹಬ್ಬಕ್ಕೂ, ಬಾಗಿನ ಇಸಿದುಕೊಳ್ಳುತ್ತಲೇ.

ಪೇಟೆಯವರ ಪಾಡು ಬೇರೆಯೇನಲ್ಲ. ಅಪಾರ್ಟ್‌ಮೆಂಟಿನ ಬಣ್ಣದ ಪುಸ್ತಕದಲ್ಲಿ ಈಜುಕೊಳ, ಕರಾರಿನಲ್ಲಿ ಅದರ ಸುದ್ದಿಯೇ ಇಲ್ಲ. ಅವರಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೆಯ ಕಲಮಿನ ಆಸರೆಯಾದರೂ ಇದೆ: ಜಾಹೀರಾತಿನ, ಮಾದರಿ ಮನೆಯ ಸುಳ್ಳು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು, ಬೇಡವೆಂದು ಹೊರಬಂದರೆ ಬಡ್ಡಿ ಸಮೇತ ದುಡ್ಡು ವಾಪಸು. ಅಲ್ಲಿ ಸುಳ್ಳು ಅಚ್ಚಾಗಿರುತ್ತದೆ, ಕೈಯಲ್ಲಿ ಹಿಡಿದು ತೋರಿಸಬಹುದು. ನಮ್ಮ ತೋಟದ ಸುಳ್ಳು ಪೈಪಿನ ನೀರಿನ ಸದ್ದಿನಲ್ಲಿ ಹೇಳಿದ್ದು.

ಮೋಸ ಹೋದೆನೆಂದು ಈಗತಾನೆ ಗೊತ್ತಾದವರು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಮಾತು. ಪತ್ರ ರದ್ದು ಮಾಡಿಸುವ ದಾವೆಗೆ ಮೂರು ವರ್ಷದ ಕಾಲಮಿತಿ. ಆ ಮೂರು ವರ್ಷ ಶುರುವಾಗುವುದು ರಿಜಿಸ್ಟ್ರಿಯಾದ ದಿನದಿಂದಲ್ಲ, ರದ್ದು ಕೇಳಲು ಕಾರಣವಾದ ಸಂಗತಿ ನಿಮಗೆ ತಿಳಿದ ದಿನದಿಂದ. ಇನ್ನೊಂದು, ತಿಳಿದ ಮೇಲೂ ಏನೂ ಆಗದವರಂತೆ ಅನುಭವಿಸುತ್ತ ಕೂರಬೇಡಿ. ಒಪ್ಪಿಕೊಂಡೇ ಇದ್ದಿರಿ ಎಂದು ಎದುರಿನವರು ಹೇಳುತ್ತಾರೆ.

ಉಳಿದದ್ದು ನನ್ನ ಕಸುಬಿನವರಿಗೆ. ಆ ‘ತೃಪ್ತರಾಗಿರುತ್ತಾರೆ’ ವಾಕ್ಯವನ್ನು ನಾನು 2017ರಿಂದ ಬರೆದಿಲ್ಲ. ಅದರ ಜಾಗದಲ್ಲಿ ‘ಮಾರಾಟಗಾರರು ಖರೀದಿದಾರರಿಗೆ ತಿಳಿಸಿರುವ ವಿವರಗಳು’ ಎಂದು ಒಂದು ಪ್ಯಾರಾ ಇಟ್ಟಿದ್ದೇನೆ. ನೀರೆಷ್ಟು, ದಾರಿ ಯಾರದ್ದು, ಮರ ಎಷ್ಟು, ಪಕ್ಕದವರ ಜೊತೆ ತಕರಾರಿದೆಯೇ, ಬಾಯಲ್ಲಿ ಬಂದದ್ದೆಲ್ಲ ಅಲ್ಲಿ ಬರೆಯುತ್ತೇನೆ. ಬೆಲೆಯ ಜಾಗದಲ್ಲೂ ಕೊಟ್ಟಷ್ಟೇ ಬರೆಯುತ್ತೇನೆ. ಇದರಿಂದ ಗಿರಾಕಿ ಕಡಿಮೆಯಾಗಿದ್ದಾರೆ. ಪಕ್ಕದ ಮೇಜಿಗೆ ಹೋಗುತ್ತಾರೆ, ಹೋಗಲಿ. ಸೊಸೆ ಮಾತ್ರ ತಿಂಗಳ ಕೊನೆಗೆ ಒಂದು ಸಲ ಗೊಣಗುತ್ತಾಳೆ.

ಮೊನ್ನೆ ಇಬ್ಬರು ಬಂದಿದ್ದರು. ಒಂದು ಎಕರೆ ಹನ್ನೆರಡು ಗುಂಟೆ ಅಡಿಕೆ ತೋಟ. ಮಾರುವವರು ಕುರ್ಚಿಯಲ್ಲಿ ಕೂತವರೇ “ನೀರಿಗೇನೂ ತೊಂದ್ರೆ ಇಲ್ಲ ರೈಟ್ರೇ, ಮೂರಿಂಚು” ಎಂದರು.

“ಮೂರಿಂಚು ಅಂತ ಬರ್ಕೊಳ್ಳಲಾ?” ಎಂದೆ. ಸೊಸೆ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.

ಅವರು ನನ್ನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. “ಬರೆಯೋದಾದ್ರೆ ಎರಡು ಅಂತ ಬರ್ಕಳಿ.”

“ಬೇಸಿಗೆಯಲ್ಲಿ?”

“ಬ್ಯಾಸಗೇದೆಲ್ಲ ಯಾಕೆ ಬರೀತೀರ?”

ಕೊಳ್ಳುವವನು ಅದುವರೆಗೆ ಮೊಬೈಲು ನೋಡುತ್ತಿದ್ದವನು ತಲೆ ಎತ್ತಿದ. ಇಬ್ಬರೂ ಟೀ ಕುಡಿದು ಬರುತ್ತೇವೆಂದು ಹೊರಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡು ನಾನು ಊಟಕ್ಕೆ ಹೋಗಿ ಬಂದೆ. ನಾಲ್ಕೂವರೆಗೆ ಬಂದರು. ಬೆಲೆ ಎಂಬತ್ತು ಸಾವಿರ ಇಳಿದಿತ್ತು. ‘ಬೇಸಿಗೆಯಲ್ಲಿ ಒಂದು ಇಂಚು, ಅದೂ ಎರಡು ಗಂಟೆ ಮಾತ್ರ’ ಎಂದು ಬರೆಸಿದರು, ಇಬ್ಬರೂ ಓದಿಸಿಕೊಂಡು ರುಜು ಹಾಕಿದರು.

ಇಂತಿ,
ಒಬ್ಬ ಪತ್ರಬರಹಗಾರ,
ತಿಪಟೂರು ಸೀಮೆ